ಶಾಲೆಯ ಗೇಟಿನಿಂದ ನಲವತ್ತೊಂದು ಹೆಜ್ಜೆ ದೂರದ ಅಂಗಡಿಯಿಂದ

ಮಾನ್ಯ ಸಂಪಾದಕರೇ,

ಶಾಲೆಗಳ ಎದುರಿನ ಚಿಲ್ಲರೆ ಅಂಗಡಿಗಳು ಚಿಪ್ಸ್, ಬಿಸ್ಕತ್ತಿನ ಪ್ಯಾಕೆಟ್ ಮಾರಿ ಮಕ್ಕಳ ಹೊಟ್ಟೆಗೆ ವಿಷ ಹಾಕುತ್ತಿವೆ ಎಂದು ನಿಮ್ಮ ಓದುಗರೊಬ್ಬರು ಬರೆದಿದ್ದ ಪತ್ರವನ್ನು ಗಲ್ಲಾದ ಮುಂದೆ ಕುಳಿತೇ ಓದಿದೆ. ತುಮಕೂರಿನ ಶಿರಾ ಗೇಟ್ ಕಡೆ ಹದಿನಾಲ್ಕು ವರ್ಷಗಳಿಂದ ನಾನು ನಡೆಸುತ್ತಿರುವುದೂ ಅಂಥದೇ ಒಂದು ಅಂಗಡಿ. ಶಾಲೆಯ ಗೇಟಿನಿಂದ ನನ್ನ ಮೆಟ್ಟಿಲಿಗೆ ನಲವತ್ತೊಂದು ಹೆಜ್ಜೆ. ಪತ್ರ ಓದಿದ ದಿನ ಸಂಜೆ ಹೋಗಿ ಎಣಿಸಿಕೊಂಡು ಬಂದೆ. ಕೋಪ ಬಂದದ್ದು ನಿಜ. ಉತ್ತರ ಬರೆಯೋಣವೆಂದು ಕುಳಿತರೆ ಮಾತ್ರ ಕೈ ಓಡಲಿಲ್ಲ. ಆ ಪ್ಯಾಕೆಟ್‌ಗಳನ್ನು ದಿನವೂ ಮಾರುವ ನಾನೇ ಅವನ್ನು ನನ್ನ ಮನೆಯ ಹೊಸ್ತಿಲು ದಾಟಲು ಬಿಡದೆ ವರ್ಷದ ಮೇಲಾಯಿತು. ಹೀಗಿರುವಾಗ ಆ ಓದುಗರಿಗೆ ಯಾವ ಮುಖ ಹೊತ್ತು ಜವಾಬು ಹೇಳಲಿ? ಅದಕ್ಕೇ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ. ಮಗ ಅದೇ ಶಾಲೆಯಲ್ಲಿ ಐದನೇ ತರಗತಿ ಓದುತ್ತಿರುವುದರಿಂದ ಹೆಸರು ಹಾಕಬೇಡಿ.

ಒಂದೂವರೆ ವರ್ಷದ ಹಿಂದೆ, ಆಷಾಢದ ಒಂದು ರಾತ್ರಿ ಎರಡು ಗಂಟೆಗೆ ಎದೆ ಡವಡವ ಹೊಡೆದುಕೊಂಡು ಎಚ್ಚರವಾಯಿತು. ಅಂಗೈ ತಣ್ಣಗೆ, ಕತ್ತಿನ ತುಂಬ ಬೆವರು, ಎಷ್ಟು ಎಳೆದುಕೊಂಡರೂ ಸಾಲದ ಉಸಿರು. ನನ್ನ ಕಥೆ ಮುಗಿಯಿತು, ಬುಧವಾರದ ಚೀಟಿ ಹಣ ಯಾರು ಕಟ್ಟುತ್ತಾರೆ ಎಂದು ಯೋಚಿಸಿದ್ದು ನೆನಪಿದೆ. ಎದುರುಮನೆಯವರ ಆಟೊದಲ್ಲಿ ಆಸ್ಪತ್ರೆಗೆ ಹೋದೆವು. ಇಸಿಜಿ ತೆಗೆದು ಹೃದಯ ಸರಿಯಾಗಿದೆ ಎಂದರು. ನಮ್ಮ ಕಡೆ ಹೊಟ್ಟೆಯಿಂದ ಗಂಟಲವರೆಗೆ ಏನಾದರೂ ಅದಕ್ಕಿರುವುದು ಒಂದೇ ಹೆಸರು, ಗ್ಯಾಸ್ಟ್ರಿಕ್. ನಾನೂ ಹಾಗೇ ಎಂದುಕೊಂಡು ಸೋಡಾ ಕುಡಿದೆ, ಓಮದ ನೀರು ಕುಡಿದೆ. ಎರಡು ತಿಂಗಳಲ್ಲಿ ಇನ್ನೂ ಮೂರು ಸಲ ಅದೇ ಆಯಿತು. ಹಗಲಲ್ಲೂ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಯಾವುದೋ ಕೆಟ್ಟ ಸುದ್ದಿ ದಾರಿಯಲ್ಲಿದೆ ಎಂಬಂತೆ ಕೈ ನಡುಗುತ್ತಿತ್ತು. ಚಿಲ್ಲರೆ ಎಣಿಸುವಾಗ ತಪ್ಪುತ್ತಿದ್ದೆ. ಚಿಲ್ಲರೆ ಎಣಿಸುವುದೇ ಕಸುಬಾಗಿರುವವನಿಗೆ ಅದೇ ದೊಡ್ಡ ಗಾಬರಿ.

ಕೊನೆಗೆ ಒಬ್ಬ ವೈದ್ಯೆ ಥೈರಾಯ್ಡ್, ಸಕ್ಕರೆ, ರಕ್ತ ಎಲ್ಲವನ್ನೂ ಪರೀಕ್ಷೆ ಮಾಡಿಸಿ, ಇದು ಆತಂಕದ ಕಾಯಿಲೆ ಎಂದು ಹೇಳಿ ಮಾತ್ರೆ ಬರೆದರು. ಏಳುವ ಹೊತ್ತಿಗೆ, ‘ಒಂದು ವಾರ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬರೆದುಕೊಂಡು ಬನ್ನಿ’ ಎಂದರು. ಸಾಲದ ಪುಸ್ತಕದ ಹಿಂಬದಿಯ ಪುಟದಲ್ಲಿ ಬರೆದೆ. ಆ ಪುಟ ಇಂದಿಗೂ ಇದೆ. ಬೆಳಿಗ್ಗೆ ಆರಕ್ಕೆ ಕಾಫಿ, ಎರಡು ರಸ್ಕ್. ಎಂಟಕ್ಕೆ ಪಕ್ಕದ ಹೋಟೆಲಿನಿಂದ ಬೈ-ಟು ಕಾಫಿ. ಹತ್ತಕ್ಕೆ ಬನ್ನು, ಮತ್ತೆ ಕಾಫಿ. ಹನ್ನೆರಡಕ್ಕೆ ಕಾಫಿ. ಊಟ ಮೂರೂವರೆಗೆ, ಅನ್ನ ಮತ್ತು ಹಿಂದಿನ ರಾತ್ರಿಯ ಸಾರು. ಶಾಲೆ ಬಿಡುವ ಹೊತ್ತಿಗೆ ಕೈಗೆ ಸಿಕ್ಕ ಕುರುಕಲು. ಆಮೇಲೆ ಬಂದವರ ಜೊತೆಗೆಲ್ಲ ಒಂದೊಂದು ಲೋಟ. ರಾತ್ರಿ ಹತ್ತೂವರೆಗೆ ಮತ್ತೆ ಅನ್ನ. ಏಳು ದಿನವೂ ಹೀಗೇ. ಒಂದು ಹಣ್ಣಿಲ್ಲ, ಒಂದು ಕಾಳಿಲ್ಲ, ಸೊಪ್ಪಿನ ಹೆಸರಂತೂ ಇಲ್ಲವೇ ಇಲ್ಲ.

ವೈದ್ಯೆ ಪೆನ್ನು ಹಿಡಿದು ಕಾಫಿಗಳನ್ನು ಎಣಿಸಿದರು. ದಿನಕ್ಕೆ ಹತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಕಾಫಿ ಡಿಕಾಕ್ಷನ್‌ನದಾದರೆ ಅದರಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ, ದಿನಕ್ಕೆ 300 ಮಿಲಿಗ್ರಾಂ ದಾಟಬಾರದು. ಬೈ-ಟು ಲೋಟ ಚಿಕ್ಕದು ಎಂದು ವಾದ ಮಾಡಿದೆ. ‘ಲೋಟ ಚಿಕ್ಕದು, ಎಣಿಕೆ ದೊಡ್ಡದು’ ಎಂದರು. ಕೆಫೀನ್ ಮಿತಿ ಮೀರಿದರೆ ಎದೆಬಡಿತ ಏರುತ್ತದೆ, ನಿದ್ದೆ ಕೆಡುತ್ತದೆ, ಮೊದಲೇ ಆತಂಕವಿರುವವರಿಗೆ ಅದು ಹೆಚ್ಚುತ್ತದೆ. ಸಕ್ಕರೆಯ ಲೆಕ್ಕವನ್ನು ನಾನೇ ಮನೆಗೆ ಬಂದು ಹಾಕಿದೆ. ಲೋಟಕ್ಕೆ ಒಂದೂವರೆ ಚಮಚ ಎಂದರೆ ಹದಿನೈದು ಚಮಚ, ಸುಮಾರು ಅರವತ್ತು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉತ್ತಮ ಮಿತಿ ದಿನಕ್ಕೆ 25 ಗ್ರಾಂ ಆಸುಪಾಸು. ಬನ್ನು, ರಸ್ಕು, ಬಿಸ್ಕತ್ತಿನ ಸಕ್ಕರೆ ಇದರ ಮೇಲೆ. ಸಕ್ಕರೆಯನ್ನು ಮೂಟೆಗಟ್ಟಲೆ ತೂಗಿ ಮಾರಿದವನಿಗೆ ತನ್ನ ಹೊಟ್ಟೆಗೆ ಹೋದದ್ದರ ತೂಕ ಗೊತ್ತಿರಲಿಲ್ಲ.

ಆ ಪುಟದಲ್ಲಿ ವೈದ್ಯೆಗೆ ಕಾಣದ ಒಂದು ಸಂಗತಿ ನನ್ನ ಹೆಂಡತಿಗೆ ಕಂಡಿತು. ಅಂಗಡಿಯವರ ಮನೆಯ ಗುಟ್ಟು ಅದು. ಅವಧಿ ಮುಗಿಯಲು ನಾಲ್ಕೈದು ದಿನ ಉಳಿದ ಪ್ಯಾಕೆಟ್‌ಗಳು, ಇಲಿ ಮೂಲೆ ಕಚ್ಚಿದ ಪ್ಯಾಕೆಟ್ ಸರ, ಒಳಗೆ ಪುಡಿಯಾದ ಬಿಸ್ಕತ್ತು ಎಲ್ಲವೂ ರಾತ್ರಿ ಬಾಗಿಲು ಹಾಕುವಾಗ ಚೀಲ ಸೇರಿ ಮನೆಗೆ ಬರುತ್ತಿದ್ದವು. ಎಸೆದರೆ ನಷ್ಟ, ಮಕ್ಕಳು ತಿಂದರೆ ಲಾಭ ಎಂಬ ಲೆಕ್ಕ. ‘ಗಿರಾಕಿಗೆ ಕೊಡಲು ನೀವು ಹಿಂದೆಮುಂದೆ ನೋಡುವುದನ್ನೆಲ್ಲ ನಮಗೆ ತಂದು ಹಾಕಿದ್ದೀರಿ’ ಎಂದಳು. ಕೂಗಾಡದೆ, ಬಟ್ಟೆ ಮಡಿಚುತ್ತ ಹೇಳಿದ ಮಾತು ಅದು. ಅಂದಿನಿಂದ ಆ ಚೀಲ ಬಂದಾಯಿತು.

ರಾಗಿ, ಕಾಳು, ಸೊಪ್ಪು ತಿನ್ನಿ ಎಂದು ವೈದ್ಯೆ ಹೇಳಿದ್ದರು. ಮುದ್ದೆ ನಮಗೆ ಹೊಸದಲ್ಲ. ನಾನು ತೋವಿನಕೆರೆ ಕಡೆಯ ಹಳ್ಳಿಯಲ್ಲಿ ಎರಡು ಹೊತ್ತೂ ಹಿಟ್ಟು ಉಂಡು ಬೆಳೆದವನು. ತುಮಕೂರಿಗೆ ಬಂದು ಅಂಗಡಿ ಹಾಕಿದ ಮೇಲೆ ಮುದ್ದೆ ಭಾನುವಾರದ ಮಾಂಸದ ಸಾರಿಗೆ ಮಾತ್ರ ಉಳಿಯಿತು. ಸುದ್ದಿ ಕೇಳಿ ಅವ್ವ ಒಂದು ಮೂಟೆ ರಾಗಿ ಬಸ್ಸಿಗೆ ಹಾಕಿಸಿಕೊಂಡು ಬಂದಳು. ‘ಇಷ್ಟು ಹೇಳಲು ಡಾಕ್ಟರು ಬೇಕಾಯಿತೇನಪ್ಪಾ?’ ಎಂದು ನಕ್ಕಳು. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೈಕಟ್ಟಿ ನಿಲ್ಲಬೇಕು, ಕುದಿ ಅಂಚಿನಿಂದ ಎದ್ದು ಗುಡ್ಡೆಯ ತಲೆಯನ್ನು ಮುಚ್ಚುವವರೆಗೆ ಕೋಲು ಮುಟ್ಟಬಾರದು ಎಂದು ತೋರಿಸಿಕೊಟ್ಟಳು. ಅವಸರದವನಾದ ನಾನು ಮೊದಲೇ ತಿರುವುತ್ತಿದ್ದೆ, ಗಂಟಾಗುತ್ತಿತ್ತು. ಮುರಿದರೆ ಒಳಗೆ ಹಸಿ ಹಿಟ್ಟು. ಆ ಮೂರು ನಾಲ್ಕು ನಿಮಿಷ ಒಲೆಯ ಮುಂದೆ ಸುಮ್ಮನೆ ನಿಲ್ಲುವುದನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು. ಮಗ ಮುದ್ದೆಯನ್ನು ಚಪಾತಿಯಂತೆ ಅಗಿದು ಅಗಿದು ಮುಖ ಕಿವಿಚಿದ. ನುಂಗಬೇಕು, ಅಗಿಯಬಾರದು ಎಂದು ಅಜ್ಜಿ ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗೆ ಇಟ್ಟಳು.

ಸಿರಿಧಾನ್ಯದ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಆರೋಗ್ಯ ಸುಧಾರಿಸಬೇಕಾದರೆ ಸಾಮೆ, ನವಣೆ, ಆರಕ, ಊದಲು ಎಲ್ಲವೂ ಬೇಕು ಎಂದು ಎಲ್ಲ ಕಡೆ ಹೇಳುತ್ತಾರೆ. ಮಧುಗಿರಿ, ಪಾವಗಡ, ಶಿರಾ ಸೀಮೆಯಲ್ಲಿ ಸಾಮೆ ಬಡವರ ಅನ್ನವಾಗಿತ್ತು. ಈಗ ಅದೇ ಸಾಮೆ ಚಂದದ ಪ್ಯಾಕೆಟ್ ಹೊಕ್ಕು ಸೋನಾ ಮಸೂರಿಯ ಎರಡರಷ್ಟು ಬೆಲೆಗೆ ನನ್ನ ಅಂಗಡಿಗೇ ಬರುತ್ತದೆ. ಕೆಲವೊಮ್ಮೆ ತವುಡು ಪೂರ್ತಿ ಹೋಗುವಂತೆ ಪಾಲಿಶ್ ಮಾಡಿ ಬೆಳ್ಳಗಾಗಿಸಿರುತ್ತಾರೆ. ಅಂಥದರಲ್ಲಿ ನಾರು ಬಹುಪಾಲು ಹೋಗಿರುತ್ತದೆ, ಉಳಿಯುವುದು ನಂಬಿಕೆಯೇ ಹೆಚ್ಚು. ನಮ್ಮ ಆದಾಯದವರಿಗೆ ರಾಗಿಯೇ ದಾರಿ. 2025-26ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕಿಲೋಗೆ ಐವತ್ತು ರೂಪಾಯಿಯೊಳಗೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಮಿಲ್ಲಿನಲ್ಲಿ ಹೊಟ್ಟು ಸಮೇತ ಬೀಸಿಸಿದರೆ ಅದರಲ್ಲಿ ಯಾರೂ ಏನೂ ಕಳೆಯಲಾರರು.

ನಿಜವಾದ ಜಗಳ ನಡೆದದ್ದು ಸೊಪ್ಪಿನ ವಿಷಯಕ್ಕೆ. ಅಂತರಸನಹಳ್ಳಿ ಮಾರುಕಟ್ಟೆಗೆ ನಾನು ಹೇಗೂ ಬೆಳಗಿನ ಜಾವ ಹೋಗುತ್ತೇನೆ. ಮೊದಲ ಹುಮ್ಮಸ್ಸಿಗೆ ದಂಟು, ಕೀರೆ, ಸಬ್ಬಸಿಗೆ, ಹೊನಗೊನೆ ಎಂದು ನಾಲ್ಕಾರು ಕಟ್ಟು ತಂದು ಅಡುಗೆಮನೆಯಲ್ಲಿ ಸುರಿಯುತ್ತಿದ್ದೆ. ಮನೆಯಲ್ಲಿ ಸೀರೆಗೆ ಫಾಲ್ ಹೊಲಿದು ನಾಲ್ಕು ಕಾಸು ಸಂಪಾದಿಸುವ ಹೆಂಡತಿ ಮೂರನೆಯ ದಿನ ಕಟ್ಟುಗಳನ್ನು ಹಾಗೆಯೇ ಎತ್ತಿಕೊಂಡು ಬಂದು ಗಲ್ಲಾದ ಮೇಲೆ ಇಟ್ಟಳು. ‘ಬಸ್ಸಾರು ಬೇಕು ಎನ್ನುವವರು ಸೋಸಿ ಕೊಡಲಿ.’ ಅನ್ನಕ್ಕೆ ಕುಕ್ಕರ್ ಇಟ್ಟರೆ ಇಪ್ಪತ್ತು ನಿಮಿಷ. ಬಸ್ಸಾರು, ಮುದ್ದೆ ಎಂದರೆ ಸೊಪ್ಪು ಸೋಸಿ, ಮೂರು ನೀರಿನಲ್ಲಿ ತೊಳೆದು, ಕಾಳಿನೊಂದಿಗೆ ಬೇಯಿಸಿ, ಬಸಿದು, ಖಾರ ಅರೆದು, ಪಲ್ಯಕ್ಕೆ ಒಗ್ಗರಣೆ ಹಾಕಿ ಮುಗಿಸುವ ಹೊತ್ತಿಗೆ ಒಂದೂವರೆ ಗಂಟೆ. ‘ಹಳೆಯ ಊಟಕ್ಕೆ ಮರಳಿ’ ಎಂದು ಲೇಖನ ಬರೆಯುವ ಮಹನೀಯರು ಈ ಒಂದೂವರೆ ಗಂಟೆ ಯಾರದು ಎಂದು ಬರೆದದ್ದನ್ನು ನಾನು ಕಂಡಿಲ್ಲ.

ಅಂದಿನಿಂದ ಸೊಪ್ಪು ಸೋಸುವವನು ನಾನೇ. ಮಧ್ಯಾಹ್ನ ಎರಡರಿಂದ ಮೂರರವರೆಗೆ ವ್ಯಾಪಾರ ಮಂಕು. ಮೊರ ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಬಲಿತ ದಂಟನ್ನು ಉಗುರಿನಿಂದ ಚಿವುಟಿದರೆ ಮುರಿಯದೆ ನಾರು ಬರುತ್ತದೆ. ಎಳೆಯದು ‘ಟಕ್’ ಎನ್ನುತ್ತದೆ. ಎಲೆಯ ಕೆಳಗೆ ಹುಳದ ಮೊಟ್ಟೆ ಇದೆಯೇ ಎಂದು ಬೆಳಕಿಗೆ ಹಿಡಿದು ತಿರುವಬೇಕು. ತಲೆಯ ಮೇಲೆ ತೋರಣದಂತೆ ಚಿಪ್ಸ್ ಪ್ಯಾಕೆಟ್‌ಗಳ ಸರ, ತೊಡೆಯ ಮೇಲೆ ಕೀರೆ ಸೊಪ್ಪು. ನೋಡಿದವರಿಗೆ ನಗು ಬರದೆ ಇರುತ್ತದೆಯೇ? ‘ಅಂಗಡಿ ಬದಲಾಯಿಸಿದಿರಾ ಅಣ್ಣಾ?’ ಎಂದು ಕೇಳಿದವರು ಎಷ್ಟೋ ಜನ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಕೆಲಸ ಮುಗಿಸಿ ಬರುವ ಇಬ್ಬರು ಹೆಣ್ಣುಮಕ್ಕಳು ಮಾತ್ರ ನಗಲಿಲ್ಲ. ‘ಸೋಸಿದ್ದನ್ನೇ ನಮಗೂ ಒಂದು ಕಟ್ಟು ಕೊಡಿ, ಐದು ರೂಪಾಯಿ ಹೆಚ್ಚು ತೆಗೆದುಕೊಳ್ಳಿ’ ಎಂದರು. ಈಗ ದಿನಕ್ಕೆ ಹದಿನೈದು ಕಟ್ಟು ಸೋಸಿದ ಸೊಪ್ಪು ಸಂಜೆ ಏಳರೊಳಗೆ ಖಾಲಿಯಾಗುತ್ತದೆ. ಚಿಪ್ಸ್ ಪ್ಯಾಕೆಟ್ ಒಂದರಲ್ಲಿ ನನಗೆ ಉಳಿಯುವುದು ಅರ್ಧ ರೂಪಾಯಿ ಚಿಲ್ಲರೆ; ಸೊಪ್ಪಿನ ಕಟ್ಟಿನಲ್ಲಿ ಐದು.

ಈಗ ಅವರೆಕಾಯಿ ಕಾಲ. ರಾತ್ರಿ ನೆನೆಹಾಕಿದ ಕಾಳನ್ನು ಮರುದಿನ ಸಂಜೆ ದೊಡ್ಡ ತಟ್ಟೆಗೆ ಸುರಿದು ನಾಲ್ವರೂ ಸುತ್ತ ಕೂತು ಹಿದುಕುತ್ತೇವೆ. ಹೆಬ್ಬೆರಳು ಒತ್ತಿದರೆ ಬೇಳೆ ಚಿಮ್ಮಿ ಮಗನ ಮೂಗಿಗೆ ತಾಗುತ್ತದೆ, ಅವನು ಬೇಕೆಂದೇ ಅಕ್ಕನ ಕಡೆಗೆ ಗುರಿ ಇಡುತ್ತಾನೆ. ಕೈ ಅಂಟಾಗಿರುವುದರಿಂದ ಯಾರೂ ಮೊಬೈಲ್ ಮುಟ್ಟುವಂತಿಲ್ಲ. ಆ ಮುಕ್ಕಾಲು ಗಂಟೆ ನನ್ನ ಎದೆಯ ಕಡೆ ನನಗೆ ಗಮನವೇ ಇರುವುದಿಲ್ಲ. ಇದು ಅವರೆಬೇಳೆಯ ಗುಣವೋ, ಹೀಗೆ ಕೂತದ್ದರ ಗುಣವೋ ಬಿಡಿಸಿ ಹೇಳಲಾರೆ.

ವೈದ್ಯೆಯನ್ನು ಕೇಳಿದೆ. ಆಸ್ಟ್ರೇಲಿಯಾದಲ್ಲಿ ಖಿನ್ನತೆ ಇದ್ದ 67 ಜನರ ಮೇಲೆ ನಡೆದ ಒಂದು ಪ್ರಯೋಗದ ವರದಿ 2017ರಲ್ಲಿ ಪ್ರಕಟವಾಗಿದೆಯಂತೆ. ಅರ್ಧ ಜನರಿಗೆ ಹನ್ನೆರಡು ವಾರ ಕಾಳು, ತರಕಾರಿ, ಹಣ್ಣು, ಇಡಿಧಾನ್ಯ, ಮೀನಿನ ಊಟಕ್ಕೆ ನೆರವು. ಉಳಿದವರಿಗೆ ಜೊತೆಗೆ ಕೂತು ಮಾತಾಡುವವರ ನೆರವು. ಖಿನ್ನತೆಯಿಂದ ಹೊರಬಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 32, ಎರಡನೆಯದರಲ್ಲಿ 8. ‘ಇದು ಸಣ್ಣ ಪ್ರಯೋಗ, ಅದೂ ಖಿನ್ನತೆಯದು, ನಿಮ್ಮ ಕಾಯಿಲೆಯದಲ್ಲ. ಊಟ ಮಾತ್ರೆಯ ಬದಲಿಗಲ್ಲ, ಜೊತೆಗೆ’ ಎಂದರು. ನನ್ನ ಅನುಭವವೂ ಅಷ್ಟೇ. ಕಾಫಿ ಎರಡಕ್ಕೆ ಇಳಿದು, ಬೆಳಿಗ್ಗೆ ಎಂಟಕ್ಕೆ ಹೊಟ್ಟೆಗೆ ಏನಾದರೂ ಬೀಳತೊಡಗಿದ ಮೇಲೆ ಹಗಲಿನ ನಡುಕ ತಿಂಗಳೊಳಗೆ ನಿಂತಿತು. ರಾತ್ರಿಯ ಗಾಬರಿ ಆರೇಳು ತಿಂಗಳು ಆಗೊಮ್ಮೆ ಈಗೊಮ್ಮೆ ಬಂದು ಹೋಯಿತು. ಮಾತ್ರೆಯನ್ನು ವೈದ್ಯೆಯೇ ಅರ್ಧಕ್ಕೆ ಇಳಿಸಿದ್ದಾರೆ. ಆ ಅರ್ಧ ಇನ್ನೂ ಇದೆ. ನಡುವೆ ಒಮ್ಮೆ ಹಿತೈಷಿಯೊಬ್ಬರು ‘ಸಿರಿಧಾನ್ಯದ ಗಂಜಿ ಕುಡಿ, ಮಾತ್ರೆ ಬಿಸಾಡು’ ಎಂದದ್ದನ್ನು ಕೇಳಿ ನಾಲ್ಕು ದಿನ ನಿಲ್ಲಿಸಿ ಪಟ್ಟ ಪಾಡು ನನಗೇ ಗೊತ್ತು. ಆ ರಾತ್ರಿ ಕೈಹಿಡಿದದ್ದು ಗಂಜಿಯಲ್ಲ, 14416. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಹಣ ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಿದರು. ಈ ಸಂಖ್ಯೆಯನ್ನು ದಯವಿಟ್ಟು ಕತ್ತರಿಸದೆ ಮುದ್ರಿಸಿ.

ಹೆಂಡತಿಯ ರಕ್ತದ ಅಂಶ, ಅಂದರೆ ಹಿಮೋಗ್ಲೋಬಿನ್, 9.2 ಇದ್ದದ್ದು 11 ಆಗಿದೆ. ಅದರಲ್ಲಿ ಕಬ್ಬಿಣದ ಮಾತ್ರೆಯ ಪಾಲೂ ಇದೆ, ಊಟದ ಹಿಂದೆಮುಂದೆ ಒಂದು ಗಂಟೆ ಟೀ ಬಿಟ್ಟದ್ದರ ಪಾಲೂ ಇದೆ. ಮಗನಿಗೆ ಮಲಬದ್ಧತೆ ಹೋಯಿತು. ಇಷ್ಟು ಸಾಕು.

ಈಗ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಕನ್ನಡ ಮಾಧ್ಯಮದಲ್ಲಿ ಪಿಯುಸಿವರೆಗೆ ಓದಿದವನು. ಒಂಬತ್ತನೇ ತರಗತಿಯ ಮಗಳನ್ನು ಕೂರಿಸಿಕೊಂಡು ಒಂದು ಭಾನುವಾರ ಅಂಗಡಿಯ ಪ್ಯಾಕೆಟ್‌ಗಳ ಹಿಂಬದಿಯನ್ನು ಓದಿಸಿದೆ. ಅಕ್ಕಿಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರ. ಅವಳು ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಬೇಕಾಯಿತು. ಯಾವ ಪದಾರ್ಥ ಹೆಚ್ಚು ತೂಕದ್ದೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮುಂಬದಿಯಲ್ಲಿ ರಾಗಿ ತೆನೆಯ ಚಿತ್ರವಿರುವ ಬಿಸ್ಕತ್ತಿನ ಹಿಂದೆ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ. ರಾಗಿ ನೂರಕ್ಕೆ ಎಂಟು ಪಾಲು. ಇದನ್ನು ‘ರಾಗಿ ಒಳ್ಳೆಯದಮ್ಮಾ’ ಎಂದು ಹೇಳಿ ಎಷ್ಟು ತಾಯಂದಿರಿಗೆ ನಾನೇ ಮಾರಿದ್ದೇನೋ! ಒಂದು ಮಸಾಲೆ ತಿಂಡಿಯಲ್ಲಿ ನೂರು ಗ್ರಾಂಗೆ ಸಾವಿರ ಮಿಲಿಗ್ರಾಂ ದಾಟಿದ ಸೋಡಿಯಂ; ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಎಂದು ಮಗಳು ಲೆಕ್ಕ ಮಾಡಿದಳು. ದೊಡ್ಡವರಿಗೇ ದಿನಕ್ಕೆ ಐದು ಗ್ರಾಂ ಉಪ್ಪು ಸಾಕು.

ಆಹಾರದ ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು, ಬೇರೆ ಭಾಷೆ ಬೇಕಾದರೆ ಸೇರಿಸಬಹುದು ಎನ್ನುವುದು ಕೇಂದ್ರದ ನಿಯಮ. ಕರ್ನಾಟಕದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಎನ್ನುವ ರಾಜ್ಯದ ಕಾನೂನು 2024ರಿಂದ ಜಾರಿಯಲ್ಲಿದೆ. ಹೆಸರು ಕನ್ನಡದಲ್ಲಿ ಬಂದರೆ ಸಂತೋಷವೇ, ಆದರೆ ನನಗೆ ಬೇಕಾದದ್ದು ಮುಂಬದಿಯಲ್ಲಿ ‘ಸಕ್ಕರೆ ಹೆಚ್ಚು’, ‘ಉಪ್ಪು ಹೆಚ್ಚು’ ಎಂಬ ಎರಡು ಪದ. ಮುಂಬದಿಯ ಎಚ್ಚರಿಕೆಯ ವಿಷಯದಲ್ಲಿ ಮೂರು ತಿಂಗಳಲ್ಲಿ ಶಿಫಾರಸು ಕೊಡಿ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲೇ ಹೇಳಿತು. ನನ್ನ ಅಂಗಡಿಗೆ ಬರುವ ಪ್ಯಾಕೆಟ್‌ಗಳ ಮುಖ ಇನ್ನೂ ಬದಲಾಗಿಲ್ಲ. ಚಿಲಿ ದೇಶದವರು 2016ರಿಂದ ಎಂಟು ಮೂಲೆಯ ಕಪ್ಪು ಗುರುತು ಹಾಕಿಸುತ್ತಿದ್ದಾರೆ. ಅಷ್ಟು ದೂರ ಯಾಕೆ, ನಮ್ಮಲ್ಲೇ ಸಸ್ಯಾಹಾರದ ಹಸಿರು ಚುಕ್ಕೆ ಇಲ್ಲವೇ? ಓದು ಬಾರದ ಅಜ್ಜಿಯರೂ ಅದನ್ನು ನೋಡಿಯೇ ಕೊಳ್ಳುತ್ತಾರೆ.

ಎರಡನೆಯದು ಅಂತರದ ಮಾತು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಮಕ್ಕಳಿಗೆ ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಇದು ನನಗೆ ತಿಳಿದದ್ದು ಹೋದ ತಿಂಗಳು, ಅದೂ ಮಗಳ ಮೊಬೈಲಿನಿಂದ. ಐದು ವರ್ಷಗಳಲ್ಲಿ ಪರವಾನಗಿ ನೋಡಲು ಬಂದವರಿದ್ದಾರೆ, ತೂಕದ ಬಟ್ಟು ನೋಡಲು ಬಂದವರಿದ್ದಾರೆ, ಈ ನಿಯಮ ಹೇಳಿದವರು ಒಬ್ಬರೂ ಇಲ್ಲ. ಯಾವ ಪ್ಯಾಕೆಟ್ ‘ಹೆಚ್ಚು’, ಯಾವುದು ಅಲ್ಲ ಎಂಬ ಪಟ್ಟಿ ಯಾರ ಕೈಯಲ್ಲಿದೆ?

ನಾನಾಗಿಯೇ ಇಳಿಸಬಾರದೇ ಎಂದು ಕೇಳುತ್ತೀರಿ. ಇಳಿಸಿ ನೋಡಿದೆ. ಗಣೇಶನ ಹಬ್ಬದ ನಂತರ ಒಂದು ವಾರ ಸರಗಳನ್ನು ಒಳಗಿಟ್ಟು ಹುರಿದ ಕಡಲೆಕಾಯಿ, ಹುರಿಗಡಲೆ, ಬಾಳೆಹಣ್ಣು ಮುಂದಿಟ್ಟೆ. ಪಾವಗಡದ ಕಡಲೆಕಾಯಿ, ರುಚಿಗೇನೂ ಕೊರತೆಯಿಲ್ಲ. ಮೊದಲ ದಿನ ಹೋದದ್ದು ಹನ್ನೊಂದು ಪೊಟ್ಟಣ. ಮಕ್ಕಳು ನನ್ನ ಕಣ್ಣೆದುರೇ ರಸ್ತೆ ದಾಟಿ ಎದುರಿನ ಅಂಗಡಿಗಳಿಗೆ ಹೋದರು. ಪೆನ್ನು, ಪೆನ್ಸಿಲ್ ವ್ಯಾಪಾರವೂ ಅವರ ಹಿಂದೆಯೇ ಹೋಯಿತು. ಎಂಟನೆಯ ದಿನ ಸರಗಳು ಮತ್ತೆ ಮೇಲೇರಿದವು. ಕಡಲೆಕಾಯಿ ಡಬ್ಬಿಯನ್ನು ತೆಗೆದಿಲ್ಲ, ಈಗ ದಿನಕ್ಕೆ ಮೂವತ್ತು ಪೊಟ್ಟಣ ಹೋಗುತ್ತದೆ. ಚಿಪ್ಸ್ ನೂರಿಪ್ಪತ್ತು ಹೋಗುತ್ತದೆ.

ಅಂಗಡಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಅಧಿಕಾರಿಗಳು ಕನ್ನಡದಲ್ಲಿ ಒಂದು ಪಟ್ಟಿ, ಜೊತೆಗೆ ಒಂದು ಟೇಪು ಹಿಡಿದುಕೊಂಡು ಬಂದರೆ ಸರ ಇಳಿಸಲು ಸ್ಟೂಲನ್ನು ನಾನೇ ಹಿಡಿದುಕೊಳ್ಳುತ್ತೇನೆ. ಅದೇ ದಿನ, ಅದೇ ಟೇಪಿನೊಂದಿಗೆ, ಎದುರಿನ ಎರಡು ಅಂಗಡಿಗಳಿಗೂ ಹೋಗಲಿ.

ಇಂತಿ,
ಒಬ್ಬ ಚಿಲ್ಲರೆ ಅಂಗಡಿಯವನು
ಶಿರಾ ಗೇಟ್, ತುಮಕೂರು